ಸ್ವಂತ ಬಂಡವಾಳದ ಸಾಫ್ಟ್‌ವೇರ್ ಉದ್ಯಮ: ಚಿಕ್ಕೋಡಿ ಗಡಿಸೀಮೆ

ಸ್ವಂತ ಬಂಡವಾಳದ ಸಾಫ್ಟ್‌ವೇರ್ ಉದ್ಯಮ: ಹೊರಗಿನ ಹೂಡಿಕೆದಾರರಿಗೆ ಪಾಲು ಬಿಟ್ಟುಕೊಡದೆ, ತನ್ನ ಉಳಿತಾಯ, ಮನೆಯವರ ನೆರವು ಮತ್ತು ಗಿರಾಕಿಗಳು ಕೊಡುವ ಹಣ ಇಷ್ಟನ್ನೇ ನಂಬಿ ಒಬ್ಬ ಸ್ಥಾಪಕ ಸಾಫ್ಟ್‌ವೇರ್ ಬರೆದು, ಮಾರಿ, ಅದರ ಸೇವೆಯನ್ನೂ ನಡೆಸಿಕೊಂಡು ಹೋಗುವ ವ್ಯವಹಾರ. ಬೆಂಗಳೂರಿನ ಸ್ಟಾರ್ಟ್‌ಅಪ್ ವಲಯ ಇದನ್ನು ಬೂಟ್‌ಸ್ಟ್ರ್ಯಾಪಿಂಗ್ ಎನ್ನುತ್ತದೆ. ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಹಾಗೆ ಹೆಸರಿಟ್ಟು ಕರೆಯುವವರು ಕಡಿಮೆ. ಇಲ್ಲಿ ಸಾಫ್ಟ್‌ವೇರ್‌ಗೆ ಗಿರಾಕಿ ಎಂದರೆ ಪತ್ತಿನ ಸೊಸೈಟಿ, ಹಾಲಿನ ಡೇರಿ, ಕಬ್ಬಿನ ಕಾರ್ಖಾನೆ, ತಂಬಾಕಿನ ವಖಾರಿ, ಗೊಬ್ಬರದ ಅಂಗಡಿ. ಎಲ್ಲವೂ ಕಿರ್ದಿ-ಖತಾವಣಿಯ ಮೇಲೆ ನಿಂತ ಸಂಸ್ಥೆಗಳು. ಅವುಗಳ ವಹಿಯನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವೇ ಈ ಸೀಮೆಯ ಸಣ್ಣ ಸಾಫ್ಟ್‌ವೇರ್ ಉದ್ಯಮದ ಬೇರು.

ನೆಲ ಮತ್ತು ಗಿರಾಕಿ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಈ ಐದು ತಾಲ್ಲೂಕುಗಳದ್ದು ಕಬ್ಬು ಆಳುವ ನೆಲ. ಇವುಗಳಲ್ಲಿ ನಿಪ್ಪಾಣಿ ಮತ್ತು ಕಾಗವಾಡ ಈಚೆಗೆ ಪ್ರತ್ಯೇಕ ತಾಲ್ಲೂಕುಗಳಾದವು. ಉಗಾರ ಖುರ್ದದ ಉಗಾರ ಸಕ್ಕರೆ ಕಾರ್ಖಾನೆ 1939ರಷ್ಟು ಹಳೆಯದು. ಆಮೇಲೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ರಾಯಬಾಗದ ಕಾರ್ಖಾನೆ ಹೀಗೆ ಸಹಕಾರಿ ರಂಗದವೂ, ಅವುಗಳ ಜೊತೆಗೆ ಖಾಸಗಿಯವೂ ಬಂದವು. ನಿಪ್ಪಾಣಿಗೆ ತಂಬಾಕು ಮತ್ತು ಬೀಡಿ, ಅಥಣಿಗೆ ಚರ್ಮದ ಚಪ್ಪಲಿ ಬೇರೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಆ ಹಕ್ಕು ಬಂತು.

ಸಾಫ್ಟ್‌ವೇರ್ ಮಾರುವವನ ಕಣ್ಣಿಗೆ ಕಬ್ಬಿಗಿಂತ ಮೊದಲು ಬೀಳುವುದು ಸೊಸೈಟಿಗಳ ಫಲಕಗಳು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಬಳಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ. ಆ ಪರಂಪರೆ ಬೆಳಗಾವಿ ಜಿಲ್ಲೆಯಲ್ಲಿ ದಟ್ಟವಾಗಿ ಹಬ್ಬಿತು. 1997ರ ಸೌಹಾರ್ದ ಸಹಕಾರಿ ಕಾಯ್ದೆ ಬಂದಮೇಲಂತೂ ಊರಿಗೊಂದು, ಕೆಲವು ಊರಲ್ಲಿ ಓಣಿಗೊಂದು ಸೌಹಾರ್ದ ಎನ್ನುವಂತಾಯಿತು. ಯಕ್ಸಂಬಾದ ಬೀರೇಶ್ವರ ಸೊಸೈಟಿಯಂಥವು ಬಹುರಾಜ್ಯ ಸಂಸ್ಥೆಗಳಾಗಿ ಗಡಿಯ ಎರಡೂ ಬದಿಯಲ್ಲಿ ಶಾಖೆ ತೆರೆದಿವೆ. ಇಷ್ಟು ದೊಡ್ಡವು ದೊಡ್ಡ ಕಂಪನಿಗಳ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ಕೊಳ್ಳಬಲ್ಲವು. ಎರಡು ಕೋಣೆ, ಮೂವರು ನೌಕರರು, ಒಂದು ಕಬ್ಬಿಣದ ತಿಜೋರಿ ಇರುವ ಸೊಸೈಟಿಗೆ ಅದು ಎಟುಕದು. ಒಂಟಿ ಉದ್ಯಮಿಯ ಮಾರುಕಟ್ಟೆ ಇರುವುದು ಇಂಥ ಕಡೆ.

ಕಾರ್ಖಾನೆಗಳ ವಿಷಯವೂ ಹೀಗೆಯೇ. ಕಾಟಾದ ತೂಕ, ಕಟಾವಿನ ಸರದಿ, ರೈತರ ಬಿಲ್ಲು ಇವೆಲ್ಲ ಕಾರ್ಖಾನೆಯ ದೊಡ್ಡ ವ್ಯವಸ್ಥೆಯೊಳಗೇ ಇರುತ್ತವೆ. ಸಣ್ಣವನಿಗೆ ಸಿಗುವುದು ಅದರ ಸುತ್ತಲಿನ ಕೆಲಸ: ಟ್ರ್ಯಾಕ್ಟರ್ ಮಾಲೀಕ ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮನಿಗೆ ಕೊಟ್ಟ ಮುಂಗಡ, ಎಳೆದ ಟನ್ನು, ಕಡಿತವಾದ ಡೀಸೆಲ್, ಹಂಗಾಮಿನ ಕೊನೆಗೆ ಉಳಿದ ಬಾಕಿ. ಈ ಲೆಕ್ಕ ಇವತ್ತಿಗೂ ಬಹುಪಾಲು ಡೈರಿಯಲ್ಲೇ ಇದೆ. ಮುಂಗಡ ಇಸಿದುಕೊಂಡ ಗ್ಯಾಂಗು ಬಾರದೇ ಹೋದರೆ ಟ್ರ್ಯಾಕ್ಟರ್ ಮಾಲೀಕನ ಕೈಯಲ್ಲಿ ಉಳಿಯುವ ಸಾಕ್ಷಿಯೂ ಆ ಡೈರಿಯೇ.

ಫಾಕ್ಸ್‌ಪ್ರೋದಿಂದ ಮೊಬೈಲಿನವರೆಗೆ

1990ರ ದಶಕದಲ್ಲಿ ಸೊಸೈಟಿಗಳ ಮೊದಲ ಕಂಪ್ಯೂಟರುಗಳ ಜೊತೆಗೆ ಬಂದದ್ದು ಡಾಸ್ ಮೇಲೆ ಓಡುವ ಫಾಕ್ಸ್‌ಪ್ರೋ ಪ್ರೋಗ್ರಾಮುಗಳು. ಕೊಲ್ಹಾಪುರ, ಸಾಂಗಲಿ, ಇಚಲಕರಂಜಿ ಕಡೆಯ ಸಹಕಾರಿ ಪಟ್ಟಿಗೆ ಇಂಥ ಸಾಫ್ಟ್‌ವೇರ್‌ಗಳ ಹಳೆಯ ರೂಢಿ ಇದೆ. ನಿಪ್ಪಾಣಿಗೆ ಕೊಲ್ಹಾಪುರ ಸುಮಾರು 40 ಕಿಲೋಮೀಟರ್. ಕಾಗವಾಡದವರಿಗೆ ಮೀರಜ್ ಇನ್ನೂ ಹತ್ತಿರ. ಹೀಗಾಗಿ ಆ ಕಡೆಯ ಸಾಫ್ಟ್‌ವೇರ್ ಈ ಕಡೆಗೆ ಸಹಜವಾಗಿಯೇ ಹರಿದು ಬಂತು.

ಫಾಕ್ಸ್‌ಪ್ರೋ ಒಬ್ಬನೇ ಕುಳಿತು ಬರೆಯಬಹುದಾದ ಸಾಧನ. ಡೇಟಾಬೇಸ್, ಪರದೆ, ವರದಿ ಎಲ್ಲವೂ ಅದರೊಳಗೇ. ಆದರೆ ಮೈಕ್ರೋಸಾಫ್ಟ್ ಅದರ ಹೊಸ ಆವೃತ್ತಿಗಳನ್ನು ಕೈಬಿಟ್ಟಿರುವುದಾಗಿ 2007ರಲ್ಲಿ ಸಾರಿತು. 2015ಕ್ಕೆ ಬೆಂಬಲವೂ ಮುಗಿಯಿತು. ಅದರ ಹಿಂದಿನ ವರ್ಷ, 2014ರ ಏಪ್ರಿಲ್‌ನಲ್ಲಿ, ವಿಂಡೋಸ್ ಎಕ್ಸ್‌ಪಿಯ ಕಥೆ ಮುಗಿದಿತ್ತು. ಸ್ವಂತ ದುಡ್ಡಿನವನಿಗೆ ಇಂಥ ತಿರುವುಗಳು ದುಬಾರಿ. ಹೂಡಿಕೆ ಪಡೆದ ಕಂಪನಿ ಹೊಸ ತಂಡ ಕಟ್ಟಿ ಎಲ್ಲವನ್ನೂ ಮರಳಿ ಬರೆಸುತ್ತದೆ. ಇವನು ಹಗಲು ಹಳೆಯ ಗಿರಾಕಿಗಳ ತೊಂದರೆ ನೋಡಿ, ರಾತ್ರಿ ಹೊಸದನ್ನು ಬರೆಯಬೇಕು. ಅನೇಕರು ವಿಷುಯಲ್ ಬೇಸಿಕ್‌ಗೆ, ಅಲ್ಲಿಂದ ಡಾಟ್‌ನೆಟ್ ಮತ್ತು ಎಸ್‌ಕ್ಯೂಎಲ್ ಸರ್ವರಿಗೆ ದಾಟಿಕೊಂಡರು. ಎಸ್‌ಕ್ಯೂಎಲ್ ಸರ್ವರಿನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿ ಒಂದು ಡೇಟಾಬೇಸಿಗೆ ಬಹುಕಾಲ 10 ಜಿಬಿ ಮಿತಿ ಹಾಕಿತ್ತಾದರೂ ಸಣ್ಣ ಸೊಸೈಟಿಗೆ ಅದು ವರ್ಷಗಟ್ಟಲೆ ಸಾಕಾಗುತ್ತಿತ್ತು.

2016ರಲ್ಲಿ ಎರಡು ಬದಲಾವಣೆ ಒಟ್ಟಿಗೇ ಬಂದವು. ಏಪ್ರಿಲ್‌ನಲ್ಲಿ ಯುಪಿಐ, ಸೆಪ್ಟೆಂಬರ್‌ನಲ್ಲಿ ಜಿಯೋ. ಹಳ್ಳಿಯ ಡೇರಿಯ ಸೆಕ್ರೆಟರಿಯ ಕೈಗೂ ಅಗ್ಗದ ಇಂಟರ್ನೆಟ್ ಬಂದದ್ದರಿಂದ, ಆಫೀಸಿನ ಒಂದು ಕಂಪ್ಯೂಟರಿನಲ್ಲಿ ಕೂತಿದ್ದ ಸಾಫ್ಟ್‌ವೇರ್ ಮೊಬೈಲಿಗೆ ಇಳಿಯಲು ದಾರಿಯಾಯಿತು. ಮಾರಾಟದ ರೀತಿಯೂ ಬದಲಾಯಿತು: ಒಮ್ಮೆ ದುಡ್ಡು ತೆಗೆದುಕೊಂಡು ಸಿಡಿ ಕೊಡುವ ಬದಲು ವರ್ಷವರ್ಷ ಬಾಡಿಗೆ. ಕಾಗದದ ಮೇಲೆ ಇದು ಸ್ಥಾಪಕನಿಗೆ ಲಾಭದ ಏರ್ಪಾಡು. ಆದರೆ ಸೊಸೈಟಿಯ ಚೇರಮನ್‌ಗೆ ಬಾಡಿಗೆ ಎಂದರೆ ಹಿಡಿಸದು. ಒಂದು ಸಲ ಕೊಟ್ಟೆವು, ಇನ್ನು ಅದು ನಮ್ಮದು ಎಂಬುದೇ ಅವರ ಮನೋಧರ್ಮ. ಹಾಗಾಗಿ ಬಾಡಿಗೆಯನ್ನು ವಾರ್ಷಿಕ ಸೇವಾ ಶುಲ್ಕ ಎಂಬ ಹೆಸರಿನಲ್ಲಿ ಇಸಿದುಕೊಳ್ಳುವ ಪದ್ಧತಿ ಉಳಿದುಬಂದಿದೆ.

ಪಿಗ್ಮಿಯ ಒಂದು ದಿನ

ಈ ಸೀಮೆಯ ಸಾಫ್ಟ್‌ವೇರ್ ಕಸುಬನ್ನು ಅರಿಯಲು ಪಿಗ್ಮಿಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಪಿಗ್ಮಿ ಠೇವಣಿಯನ್ನು 1928ರಲ್ಲಿ ಆರಂಭಿಸಿದ್ದು ಟಿ.ಎಂ.ಎ. ಪೈ ಅವರ ಸಿಂಡಿಕೇಟ್ ಬ್ಯಾಂಕು. ದಿನಕ್ಕೆ ಎರಡಾಣೆ ಉಳಿಸುವವನ ಮನೆಬಾಗಿಲಿಗೇ ಹೋಗಿ ಹಣ ಸಂಗ್ರಹಿಸುವ ಉಪಾಯ ಅದು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಸೊಸೈಟಿಗಳಲ್ಲಿ ಗಟ್ಟಿಯಾಗಿ ನಿಂತಿದೆ.

ಬೆಳಿಗ್ಗೆ ಏಜೆಂಟ್ ಆಫೀಸಿಗೆ ಬಂದು ಅಂಗೈಯಗಲದ ಮಶೀನಿಗೆ ತನ್ನ ಗಿರಾಕಿಗಳ ಕಡತ ತುಂಬಿಸಿಕೊಳ್ಳುತ್ತಾನೆ: ಖಾತೆ ಸಂಖ್ಯೆ, ಹೆಸರು, ನಿನ್ನೆಯವರೆಗಿನ ಬಾಕಿ. ಬಸ್ ಸ್ಟ್ಯಾಂಡಿನ ಚಹಾದಂಗಡಿ, ಕಿರಾಣಿ, ಹೇರ್ ಕಟಿಂಗ್ ಸಲೂನ್, ಸಂತೆ ದಿನವಾದರೆ ತರಕಾರಿಯವರು. ಒಬ್ಬೊಬ್ಬರಿಂದ ಐವತ್ತು, ನೂರು, ಇನ್ನೂರು. ಸಂಖ್ಯೆ ಒತ್ತಿದರೆ ಚೀಟಿ ಹೊರಬರುತ್ತದೆ. ಸೊಸೈಟಿ ಹಾಕಿದ ಮಿತಿಗಿಂತ ಹೆಚ್ಚು ಹಣ ಜಮೆಯಾದರೆ ಮಶೀನು ಮುಂದಿನ ಚೀಟಿ ಕೊಡುವುದಿಲ್ಲ. ಆಫೀಸಿಗೆ ಹೋಗಿ ಹಣ ಕಟ್ಟಿ, ಕಡತ ಇಳಿಸಿದ ಮೇಲೆಯೇ ಅದರ ಬೀಗ ತೆರೆಯುತ್ತದೆ. ಏಜೆಂಟ್ ಪರಾರಿಯಾದರೆ ನಷ್ಟ ಒಂದು ದಿನದ್ದಷ್ಟೇ ಆಗಲಿ ಎಂಬ ಮುಂಜಾಗ್ರತೆ. ಪಿಗ್ಮಿ ಸಾಫ್ಟ್‌ವೇರಿನಲ್ಲಿ ಇದಕ್ಕಿಂತ ಬೆಲೆಯುಳ್ಳ ಸಾಲು ಇನ್ನೊಂದಿರಲಾರದು.

ಈಗ ಆ ಮಶೀನಿನ ಜಾಗಕ್ಕೆ ಆಂಡ್ರಾಯ್ಡ್ ಮೊಬೈಲು ಮತ್ತು ಸೊಂಟಕ್ಕೆ ತೂಗುಹಾಕುವ ಬ್ಲೂಟೂತ್ ಪ್ರಿಂಟರ್ ಬರುತ್ತಿವೆ. ಒಂಟಿ ಉದ್ಯಮಿಗೆ ಇದು ದೊಡ್ಡ ಬಿಡುಗಡೆ. ಮಶೀನು ತಯಾರಿಸುವ ಕಂಪನಿಯ ಹಂಗು ತಪ್ಪಿತು. ಆದರೆ ತೊಡಕು ಶುರುವಾಗುವುದು ಚೀಟಿಯಲ್ಲಿ. ಎರಡಂಗುಲ ಅಗಲದ ಕಾಗದದ ಆ ಅಗ್ಗದ ಥರ್ಮಲ್ ಪ್ರಿಂಟರುಗಳ ಹೊಟ್ಟೆಯಲ್ಲಿ ಇಂಗ್ಲಿಷ್ ಅಕ್ಷರಗಳಿವೆ, ಕನ್ನಡ ಇಲ್ಲ, ಮರಾಠಿಯೂ ಇಲ್ಲ. ಕನ್ನಡ ಬೇಕೆಂದರೆ ಇಡೀ ಚೀಟಿಯನ್ನು ಮೊಬೈಲಿನಲ್ಲಿ ಚಿತ್ರವಾಗಿ ಬರೆದು, ಆ ಚಿತ್ರವನ್ನು ಚುಕ್ಕಿಚುಕ್ಕಿಯಾಗಿ ಪ್ರಿಂಟರಿಗೆ ಕಳಿಸಬೇಕು. ಮುದ್ರಣ ನಿಧಾನ, ಬ್ಯಾಟರಿ ಬೇಗ ಖಾಲಿ. ಸಂತೆಯಲ್ಲಿ ಗಿರಾಕಿ ನಿಲ್ಲುವುದಿಲ್ಲ. ಆದ್ದರಿಂದ ಎಷ್ಟೋ ಕಡೆ ಹೆಸರು ಇಂಗ್ಲಿಷಿನಲ್ಲೇ ಉಳಿದಿದೆ.

ಎಸ್‌ಎಂಎಸ್ ಕಥೆ ಇನ್ನೂ ಸ್ವಾರಸ್ಯ. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರ. ಕನ್ನಡಕ್ಕೆ ಯೂನಿಕೋಡ್ ಬಳಸಬೇಕಾದ್ದರಿಂದ 70. ಕಣ್ಣಿಗೆ ಎರಡಕ್ಷರವಾಗಿ ಕಾಣುವ ‘ನಿಮ್ಮ’ ಎಂಬುದು ಇಲ್ಲಿ ಐದು: ನ, ಅದರ ಗುಡಿಸು, ಮ, ವಿರಾಮ ಚಿಹ್ನೆ, ಮತ್ತೆ ಮ. ‘ನಿಮ್ಮ ಪಿಗ್ಮಿ ಖಾತೆಗೆ ರೂ. 100 ಜಮಾ ಆಗಿದೆ. ಒಟ್ಟು ರೂ. 4,300’ ಎಂಬ ಇಷ್ಟೇ ಸಂದೇಶ 54 ನುಂಗುತ್ತದೆ. ಸೊಸೈಟಿಯ ಹೆಸರು ಸೇರಿಸಿದ ಕೂಡಲೇ 70 ದಾಟಿ ಎರಡು ಎಸ್‌ಎಂಎಸ್ ದರ ಬೀಳುತ್ತದೆ. ಅದರ ಮೇಲೆ, 2021ರಿಂದ ಬಿಗಿಯಾಗಿ ಜಾರಿಯಾದ ಟ್ರಾಯ್ ನಿಯಮದಂತೆ ಪ್ರತಿ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಿರಬೇಕು. ಒಂದು ಪದ ಬದಲಿಸಿದರೂ ಸಂದೇಶ ಹೋಗದು. ನಗರದ ಹುಡುಗರು ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡುವ ಹೊತ್ತಿನಲ್ಲಿ ಚಿಕ್ಕೋಡಿಯ ಪ್ರೋಗ್ರಾಮರ್ ‘ಜಮಾ ಆಗಿದೆ’ ಎಂಬುದನ್ನು ‘ಜಮಾ’ ಎಂದು ಕತ್ತರಿಸಿ ಒಂಬತ್ತು ಪೈಸೆಯೋ ಹತ್ತು ಪೈಸೆಯೋ ಉಳಿಸುವ ದಾರಿ ನೋಡುತ್ತಿರುತ್ತಾನೆ. ತಿಂಗಳಿಗೆ ಲಕ್ಷ ಸಂದೇಶ ಹೋಗುವ ಸೊಸೈಟಿಗೆ ಆ ಕತ್ತರಿಯೇ ಲಾಭ.

ಎರಡು ಭಾಷೆ, ಎರಡು ಅಳತೆ

ಗಡಿಸೀಮೆಯ ವಹಿವಾಟು ಕನ್ನಡ, ಮರಾಠಿ ಎರಡರಲ್ಲೂ ನಡೆಯುತ್ತದೆ. ಸರಕಾರಕ್ಕೆ, ಲೆಕ್ಕಪರಿಶೋಧಕರಿಗೆ ಕನ್ನಡ ಅಥವಾ ಇಂಗ್ಲಿಷ್ ವರದಿ. ನಿಪ್ಪಾಣಿಯ ಅನೇಕ ಸದಸ್ಯರಿಗೆ ಮರಾಠಿ ಪಾಸ್‌ಬುಕ್ ಬೇಕು. ಸೊಸೈಟಿ ನೌಕರ ಬೆರಳಚ್ಚು ಮಾಡುವುದು ಇಂಗ್ಲಿಷಿನಲ್ಲಿ. ಒಂದೇ ಅಡ್ಡಹೆಸರು ಮೂರು ಲಿಪಿಗಳಲ್ಲಿ ನಾಲ್ಕು ಬಗೆಯಾಗಿ ದಾಖಲಾಗಿ, ಒಬ್ಬನೇ ಸದಸ್ಯ ನಾಲ್ವರಾಗಿ ಕಾಣುವುದುಂಟು. ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು ಬರೆದ ಸಾಫ್ಟ್‌ವೇರ್ ಇಲ್ಲಿ ಎಡವುವುದು ಇಂಥ ಕಡೆ. ರಾಜಕೀಯಕ್ಕೆ ತಲೆನೋವಾದ ಗಡಿಯೇ ಇಲ್ಲಿನ ಸಣ್ಣ ಉದ್ಯಮಿಗೆ ಕಾವಲಾಗಿದೆ ಎಂದರೆ ತಪ್ಪಿಲ್ಲ. ದೊಡ್ಡವರು ಈ ಗೋಜಲಿಗೆ ಇಳಿಯಲು ಹಿಂಜರಿಯುತ್ತಾರೆ.

ಅಳತೆಯ ಗೋಜಲು ಇನ್ನೂ ಅಪಾಯಕಾರಿ. ಕರ್ನಾಟಕದ ಪಹಣಿಯಲ್ಲಿ ಎಕರೆ-ಗುಂಟೆ, ಮಹಾರಾಷ್ಟ್ರದ ಸಾತ್-ಬಾರಾ ಉತಾರದಲ್ಲಿ ಹೆಕ್ಟೇರ್-ಆರ್. ಗುಂಟೆಯೂ ಆರ್ ಕೂಡ ಹೆಚ್ಚುಕಮ್ಮಿ ಒಂದೇ ಅಳತೆ: ಗುಂಟೆ 101 ಚದರ ಮೀಟರಿಗೆ ತುಸು ಹೆಚ್ಚು, ಆರ್ ಸರಿಯಾಗಿ 100. ಆದರೆ 40 ಗುಂಟೆಗೆ ಒಂದು ಎಕರೆ, 100 ಆರ್‌ಗೆ ಒಂದು ಹೆಕ್ಟೇರ್. ಗುಮಾಸ್ತ ‘1-20’ ಎಂದು ತುಂಬಿದರೆ, ಈ ಕಡೆಯ ರೈತನದ್ದಾದರೆ ಅದು ಒಂದೂವರೆ ಎಕರೆ. ಆ ಕಡೆಯವನದ್ದಾದರೆ 1.2 ಹೆಕ್ಟೇರ್, ಅಂದರೆ ಹತ್ತಿರಹತ್ತಿರ ಮೂರು ಎಕರೆ. ಕಬ್ಬಿನ ನೋಂದಣಿ, ಬೆಳೆಸಾಲ ಎರಡೂ ಈ ಅಂಕಿಯ ಮೇಲೆ ನಿಂತಿರುತ್ತವೆ. ಸಾಫ್ಟ್‌ವೇರ್ ಮೊದಲು ಯಾವ ರಾಜ್ಯದ ಉತಾರ ಎಂದು ಕೇಳಿ, ಆಮೇಲೆ ಕ್ಷೇತ್ರ ಕೇಳಬೇಕು. ಸಣ್ಣ ಮಾತು, ಆದರೆ ಊರಿನವನಿಗಲ್ಲದೆ ಹೊಳೆಯದು.

ಬಂಡವಾಳ ಎಲ್ಲಿಂದ

ಈ ಉದ್ಯಮಕ್ಕೆ ಇಳಿಯುವವರಲ್ಲಿ ಎರಡು ಬಗೆ. ಚಿಕ್ಕೋಡಿಯ ಕೆಎಲ್ಇ ಎಂಜಿನಿಯರಿಂಗ್ ಕಾಲೇಜು, ನಿಪ್ಪಾಣಿಯ ವಿಎಸ್ಎಂ ಸಂಸ್ಥೆಯ ಕಾಲೇಜು, ಗಡಿಯಾಚೆ ಇಚಲಕರಂಜಿ, ಸಾಂಗಲಿಗಳ ಕಾಲೇಜುಗಳಲ್ಲಿ ಓದಿ, ಪುಣೆಯಲ್ಲೋ ಬೆಂಗಳೂರಿನಲ್ಲೋ ಕೆಲವು ವರ್ಷ ದುಡಿದು ಮರಳಿದವರು ಒಂದು ಬಗೆ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದು, ಮನೆಯಿಂದಲೇ ಕೆಲಸ ಮಾಡುತ್ತ, ಸಂಜೆಗಳಲ್ಲಿ ಸ್ವಂತದ್ದೊಂದನ್ನು ಕಟ್ಟಲು ತೊಡಗಿದವರೂ ಇವರಲ್ಲಿದ್ದಾರೆ. ಇನ್ನೊಂದು ಬಗೆ ಊರು ಬಿಡದವರು: ಕಂಪ್ಯೂಟರ್ ರಿಪೇರಿ, ಟ್ಯಾಲಿ ತರಬೇತಿ, ಡಿಟಿಪಿ ಅಂಗಡಿಯಿಂದ ಆರಂಭಿಸಿ, ಸೊಸೈಟಿಯವರು ಕೇಳಿದ ಸಣ್ಣ ವರದಿಯೊಂದನ್ನು ಬರೆದುಕೊಟ್ಟು, ಅಲ್ಲಿಂದ ಮುಂದುವರಿದವರು. ಪ್ರೋಗ್ರಾಮಿಂಗ್ ಜಾಣ್ಮೆಯಲ್ಲಿ ಮೊದಲಿನವರು ಮುಂದು. ಸೊಸೈಟಿಯ ಒಳಗುಟ್ಟು, ಯಾರ ಮಾತು ನಡೆಯುತ್ತದೆ, ಲೆಕ್ಕಪರಿಶೋಧಕ ಏನು ಕೇಳುತ್ತಾನೆ ಎಂಬುದು ಎರಡನೆಯವರಿಗೇ ಚೆನ್ನಾಗಿ ಗೊತ್ತು. ಉಳಿದುಕೊಳ್ಳುವ ವಿಷಯದಲ್ಲಿ ಎರಡನೆಯವರ ಮೇಲೆ ಪಣ ಕಟ್ಟುವುದು ಜಾಣತನ.

ಮೂಲ ಹಣವೂ ಈ ನೆಲದ ರೀತಿಯದೇ. ನೌಕರಿಯಲ್ಲಿ ಉಳಿಸಿದ್ದು, ಮನೆಯ ಕಬ್ಬಿನ ಬಿಲ್ಲು, ಬಂಗಾರದ ಮೇಲಿನ ಸಾಲ, ಹೆಂಡತಿಯ ಶಾಲಾ ಸಂಬಳ. 2015ರಿಂದ ಮುದ್ರಾ ಸಾಲವೂ ಇದೆ. ಆದರೆ ಬ್ಯಾಂಕಿನವನಿಗೆ ಹಿಟ್ಟಿನ ಗಿರಣಿ ಕಣ್ಣಿಗೆ ಕಾಣುತ್ತದೆ, ಬರೆದ ಕೋಡು ಕಾಣುವುದಿಲ್ಲ.

ಆದಾಯದ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಬಹುದು. ಒಂದು ಸೊಸೈಟಿಯಿಂದ ವರ್ಷಕ್ಕೆ 12,000 ರೂಪಾಯಿ ಸೇವಾ ಶುಲ್ಕ ಎಂದಿಟ್ಟುಕೊಂಡರೆ, 40 ಸೊಸೈಟಿಗಳಿಂದ 4.8 ಲಕ್ಷ. ತಿಂಗಳಿಗೆ 12,000ದಂತೆ ಇಬ್ಬರು ಹುಡುಗರ ಸಂಬಳ 2.88 ಲಕ್ಷ. ಉಳಿದ 1.92 ಲಕ್ಷದಲ್ಲಿ ಪೆಟ್ರೋಲು, ಸರ್ವರ್ ಬಾಡಿಗೆ, ಆಫೀಸು ಕಳೆದರೆ ಸ್ಥಾಪಕನಿಗೆ ಸಿಗುವುದು ಆ ಹುಡುಗರಷ್ಟೂ ಇಲ್ಲ. 100 ಸೊಸೈಟಿಗಳಾದರೆ 12 ಲಕ್ಷ. ಆದರೆ ಅವು ಐದು ತಾಲ್ಲೂಕಿನಲ್ಲಿ ಹರಡಿದ್ದರೆ ಅಥಣಿಯ ಪೂರ್ವದ ಹಳ್ಳಿಯಿಂದ ನಿಪ್ಪಾಣಿಗೆ ಓಡಾಡುವುದರಲ್ಲೇ ದಿನ ಮುಗಿಯುತ್ತದೆ. ಫೋನಿನಲ್ಲಿ, ದೂರದಿಂದಲೇ ಗಿರಾಕಿಯ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಲ್ಲಿ ಮುಕ್ಕಾಲು ತೊಂದರೆ ಬಗೆಹರಿದರೂ, ಮಾರ್ಚ್ 31ರಂದು ಲೆಕ್ಕ ತಾಳೆಯಾಗದಿದ್ದರೆ ಸೆಕ್ರೆಟರಿಗೆ ಮನುಷ್ಯನೇ ಬೇಕು. ಎಲ್ಲ ಗಿರಾಕಿಗಳ ವರ್ಷಾಂತ್ಯವೂ ಅದೇ ದಿನ. ಇಂಥ ಉದ್ಯಮದ ಹಿಗ್ಗುವ ಮಿತಿಯನ್ನು ನಿರ್ಧರಿಸುವುದು ಮಾರುಕಟ್ಟೆಗಿಂತ ಹೆಚ್ಚಾಗಿ ಆ ಒಂದು ದಿನ.

ಹಣ ಬರುವ ಹೊತ್ತೂ ಹಂಗಾಮಿನದೇ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ರೈತನಿಗೆ ಹಣ ಸಲ್ಲಬೇಕು. ಬಿಲ್ಲು ತಡವಾದ ವರ್ಷ ಸೊಸೈಟಿಯ ವಸೂಲಿ ತಡ, ಗೊಬ್ಬರದಂಗಡಿಯ ಉದ್ರಿ ತಡ, ಸಾಫ್ಟ್‌ವೇರ್‌ನವನ ಶುಲ್ಕ ಎಲ್ಲಕ್ಕಿಂತ ಕೊನೆಗೆ. ಹಾಲಿನ ಡೇರಿಯ ಗಿರಾಕಿಗಳು ಈ ದೃಷ್ಟಿಯಿಂದ ವಾಸಿ. ಅಲ್ಲಿ ಬಟವಡೆ ವರ್ಷವಿಡೀ ತಪ್ಪದು. ಹಾಲಿನ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ) ನೋಡಿ ದರ ಹಚ್ಚುವ ಲೆಕ್ಕವೂ ಸರಳ, ದಿನಕ್ಕೆರಡು ಸಲ ನಡೆಯುವಂಥದ್ದು. ದಿನಾ ಬಳಸುವ ಸಾಫ್ಟ್‌ವೇರಿಗೆ ದುಡ್ಡು ಕೊಡಲು ಜನ ತಕರಾರು ಮಾಡುವುದು ಕಡಿಮೆ.

ಪುಕ್ಕಟೆಯ ಪೈಪೋಟಿ

ಸ್ವಂತ ದುಡ್ಡಿನ ಸಾಫ್ಟ್‌ವೇರ್ ಉದ್ಯಮಕ್ಕೆ ಕನ್ನಡದಲ್ಲಿ ಎಲ್ಲರಿಗೂ ಗೊತ್ತಿರುವ ನಿದರ್ಶನ ‘ಬರಹ’. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಅದನ್ನು ಹೊರತಂದರು. ಇಂಗ್ಲಿಷ್ ಕೀಲಿಮಣೆಯಲ್ಲಿ ಉಚ್ಚಾರಣೆಯಂತೆ ಒತ್ತಿದರೆ ಕನ್ನಡ ಮೂಡುವ ಅದರ ಸುಲಭ ವಿಧಾನ ಸಾವಿರಾರು ಜನರಿಗೆ ಕಂಪ್ಯೂಟರಿನ ಮೊದಲ ಕನ್ನಡವಾಯಿತು. ದೇವನಾಗರಿ ಸೇರಿ ಇತರ ಭಾರತೀಯ ಲಿಪಿಗಳನ್ನೂ ಅದು ಒಳಗೊಂಡಿದ್ದರಿಂದ, ಬೆಳಿಗ್ಗೆ ಕನ್ನಡದ ನೋಟಿಸು, ಮಧ್ಯಾಹ್ನ ಮರಾಠಿ ಲಗ್ನಪತ್ರಿಕೆ ಟೈಪು ಮಾಡುವ ಗಡಿಸೀಮೆಯ ಅಂಗಡಿಗೆ ಅದು ಹೇಳಿ ಮಾಡಿಸಿದಂತಿತ್ತು. ಅದೇ ಕಾಲಕ್ಕೆ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ಮುದ್ರಣಾಲಯಗಳನ್ನು ಹಿಡಿದಿತ್ತು. ಬರಹ ಬಹುಕಾಲ ಉಚಿತವಾಗಿತ್ತು. ಮುಂದಿನ ಆವೃತ್ತಿಗಳು ಲೈಸೆನ್ಸ್ ಕೊಳ್ಳಬೇಕಾದ ಸರಕಾದವು. ಅಷ್ಟರೊಳಗೆ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರಕಾರದ ಬೆಂಬಲದೊಂದಿಗೆ ಪುಕ್ಕಟೆಯಾಗಿ ಸಿಗುತ್ತಿತ್ತು, ಕಚೇರಿಗಳಲ್ಲಿ ಅದೇ ರೂಢಿಯಾಗಿತ್ತು. ಅದರ ಕೀಲಿಮಣೆ ವಿನ್ಯಾಸದ ಮೂಲಪುರುಷ ಕೆ.ಪಿ. ರಾವ್, ಅವರು ತಮ್ಮ ವಿನ್ಯಾಸವನ್ನು ನಾಡಿಗೆ ಹಾಗೇ ಬಿಟ್ಟುಕೊಟ್ಟವರು. ಕನ್ನಡಕ್ಕೆ ಇದರಿಂದ ಒಳ್ಳೆಯದೇ ಆಯಿತು. ಕನ್ನಡದ ಸಾಧನಕ್ಕೆ ದುಡ್ಡು ಕೊಡಬೇಕೇ ಎಂಬ ಪ್ರಶ್ನೆ ಮಾತ್ರ ಅಲ್ಲಿಂದಲೇ ಬೇರೂರಿತು, ಒಂಟಿ ಉದ್ಯಮಿಗಳು ಇಂದಿಗೂ ಅದಕ್ಕೆ ಉತ್ತರ ಹೇಳುತ್ತಲೇ ಇದ್ದಾರೆ.

ಸಹಕಾರ ರಂಗದಲ್ಲಿ ಇದೇ ಪ್ರಸಂಗ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿದೆ. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಬಾರ್ಡ್ ನೇತೃತ್ವದಲ್ಲಿ ದೇಶಕ್ಕೆಲ್ಲ ಒಂದೇ ಸಾಫ್ಟ್‌ವೇರ್. ಹಳ್ಳಿಯ ಕೃಷಿ ಪತ್ತಿನ ಸಂಘಗಳನ್ನು ನೆಚ್ಚಿಕೊಂಡಿದ್ದ ಸಣ್ಣ ಸಾಫ್ಟ್‌ವೇರ್ ಮನೆಗಳಿಗೆ ಇದರಿಂದ ಹೊಡೆತ. ಸೌಹಾರ್ದಗಳು ಮತ್ತು ಇತರ ಪತ್ತಿನ ಸೊಸೈಟಿಗಳು ಈ ಯೋಜನೆಯ ಹೊರಗಿವೆ. ಸದ್ಯಕ್ಕೆ ಉಸಿರಾಡಲು ಇರುವ ಜಾಗ ಅದೇ.

ನಾಡಿನ ದೊಡ್ಡ ಉದಾಹರಣೆಗಳು

ಹೊರಗಿನ ಹೂಡಿಕೆಯಿಲ್ಲದೆ ಬೆಳೆದವರ ಸಾಲಿನಲ್ಲಿ ಮೊದಲು ಹೇಳಬೇಕಾದದ್ದು ಬೆಂಗಳೂರಿನ ಟ್ಯಾಲಿ. ಶ್ಯಾಮಸುಂದರ ಗೋಯೆಂಕಾ ಮತ್ತು ಮಗ ಭರತ ಗೋಯೆಂಕಾ 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನಲ್ಲಿ ಆರಂಭಿಸಿದ ಸಂಸ್ಥೆ ಅದು. ಅಪ್ಪನ ವ್ಯಾಪಾರದ ಲೆಕ್ಕ ಇಡಲು ಒಗ್ಗುವ ಸಾಫ್ಟ್‌ವೇರ್ ಸಿಗದೆ ಮಗ ಬರೆದದ್ದು. ಚಿಕ್ಕೋಡಿ ಕಡೆಯ ಬಹುತೇಕ ಸಾಫ್ಟ್‌ವೇರ್‌ಗಳ ಹುಟ್ಟೂ ಹೀಗೆಯೇ, ಪರಿಚಯದ ಒಬ್ಬರ ಲೆಕ್ಕದ ತೊಂದರೆಯಿಂದ. ತಮಿಳುನಾಡಿನ ಜೋಹೊ 1996ರಲ್ಲಿ ಅಡ್ವೆಂಟ್‌ನೆಟ್ ಆಗಿ ಶುರುವಾಗಿ, 2011ರಲ್ಲಿ ತೆಂಕಾಶಿಯಂಥ ಊರಿಗೆ ಕಚೇರಿ ಒಯ್ದು, ಸಣ್ಣ ಊರಿನಲ್ಲೂ ಜಾಗತಿಕ ಸರಕು ತಯಾರಿಸಬಹುದೆಂದು ತೋರಿಸಿತು. ನಿತಿನ್ ಕಾಮತ್ 2010ರಲ್ಲಿ ಆರಂಭಿಸಿದ ಜೆರೋಧಾವೂ ಹೊರಗಿನ ಬಂಡವಾಳ ಮುಟ್ಟದೆ ಬೆಳೆದದ್ದು. ಬೆಳಗಾವಿಯಲ್ಲೂ ಅದರ ಕಚೇರಿ ಇದೆ. ಇವೆಲ್ಲ ಹುರುಪು ಕೊಡುವ ಹೆಸರುಗಳು. ಆದರೆ ರಾಯಬಾಗದ ಡೇರಿ ಸಾಫ್ಟ್‌ವೇರಿನವನಿಗೆ ಇವರಿಂದ ಕಲಿಯಲು ಇರುವುದು ಟ್ಯಾಲಿಯ ಒಂದೇ ಪಾಠ: ಊರೂರಿನ ಪಾಲುದಾರರ ಮೂಲಕ ಮಾರಾಟ ಮತ್ತು ಸೇವೆ. ತಾನೇ ಎಲ್ಲೆಡೆ ಓಡುವ ಬದಲು ಕುಡಚಿಯಲ್ಲೊಬ್ಬ, ಶೇಡಬಾಳದಲ್ಲೊಬ್ಬ ಹಾರ್ಡ್‌ವೇರ್ ಅಂಗಡಿಯವನಿಗೆ ಕಮಿಷನ್ ಕೊಟ್ಟು ಸೇವೆ ಒಪ್ಪಿಸುವುದು.

ಸರಕಾರದ ಕಡೆಯಿಂದ 2016ರ ಸ್ಟಾರ್ಟ್‌ಅಪ್ ಇಂಡಿಯಾ, ಕರ್ನಾಟಕದ ಎಲಿವೇಟ್, ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಒಂದು ಗುಂಪಾಗಿ ನೋಡುವ ‘ಬೆಂಗಳೂರಿನಾಚೆ’ ಕಾರ್ಯಕ್ರಮಗಳಿವೆ. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಸ್ಟಾರ್ಟಪ್ಸ್ ಕೇಂದ್ರ ಇದೆ. ಇವುಗಳ ಒಲವು ವೇಗವಾಗಿ ಬೆಳೆಯುವ ಹೊಸ ಕಲ್ಪನೆಗಳ ಕಡೆಗೆ. ಪಿಗ್ಮಿ ಲೆಕ್ಕಕ್ಕೆ ಅಲ್ಲಿ ಚಪ್ಪಾಳೆ ಬೀಳದು.

ಕಾನೂನು, ತೆರಿಗೆ

ಹೆಚ್ಚಿನವರು ಏಕವ್ಯಕ್ತಿ ಮಾಲೀಕತ್ವದಲ್ಲೇ ನಡೆಸುತ್ತಾರೆ. ಟೆಂಡರಿನಲ್ಲಿ ಕಂಪನಿ ಬೇಕೆಂದಾಗ 2013ರ ಕಂಪನಿ ಕಾಯ್ದೆಯ ಒಬ್ಬ ವ್ಯಕ್ತಿಯ ಕಂಪನಿ, ಇಲ್ಲವೇ ಎಲ್‌ಎಲ್‌ಪಿ ಮಾಡಿಕೊಳ್ಳುತ್ತಾರೆ. ವರ್ಷದ ಸೇವಾ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ದರ ಶೇ 18. ಅಥಣಿಯ ಗಿರಾಕಿಗೆ ಬಿಲ್ಲು ಮಾಡಿದರೆ ಅದು ಕೇಂದ್ರ-ರಾಜ್ಯಕ್ಕೆ ತಲಾ 9 ಎಂದು ಒಡೆಯುತ್ತದೆ. ಮೀರಜ್‌ನವನಿಗಾದರೆ ಇಡಿಯಾಗಿ ಐಜಿಎಸ್‌ಟಿ. ಸೊಸೈಟಿಯ ಬಡ್ಡಿ ಆದಾಯಕ್ಕೆ ಜಿಎಸ್‌ಟಿ ಇಲ್ಲದ ಕಾರಣ ಅವರಿಗೆ ಈ 18ರ ಬಹುಪಾಲು ಮರಳಿ ಸಿಗದು. ಹೀಗಾಗಿ ನೋಂದಣಿಯ ಗಡಿ ದಾಟಿದ ವರ್ಷ ಉದ್ಯಮಿ ದರ ಏರಿಸಿದನೆಂಬ ದೂರು ಖಚಿತ.

ಪ್ರೋಗ್ರಾಮನ್ನು 1957ರ ಕೃತಿಸ್ವಾಮ್ಯ ಕಾಯ್ದೆ ಸಾಹಿತ್ಯಕೃತಿಯೆಂದೇ ಪರಿಗಣಿಸಿ ರಕ್ಷಿಸುತ್ತದೆ. ಬರಿಯ ಪ್ರೋಗ್ರಾಮಿಗೆ ಪೇಟೆಂಟ್ ಸಿಗದು. ವ್ಯವಹಾರದಲ್ಲಿ ಕಾಯ್ದೆಗಿಂತ ಹೆಚ್ಚು ಕಾಯುವುದು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಲೈಸೆನ್ಸ್ ಕೀಲಿ. ಕೀಲಿಯನ್ನು ಶುಲ್ಕ ಬಾಕಿಯಿದ್ದ ಸೊಸೈಟಿಗೆ ತಡೆಹಿಡಿದು, ಠೇವಣಿದಾರರು ಕೌಂಟರಿನ ಮುಂದೆ ಸಾಲುಗಟ್ಟಿದ ಮೇಲೆ ಬಿಡುವ ಕೆಟ್ಟ ಚಾಳಿಯೂ ಈ ಕಸುಬಿನಲ್ಲಿದೆ. ಹಾಗೆ ಮಾಡಿದವನಿಗೆ ಆ ವರ್ಷದ ಹಣ ಬಂದೀತು, ಪಕ್ಕದೂರಿನ ಸೊಸೈಟಿ ಮಾತ್ರ ಬಾರದು.

ನೆರೆ, ಮತ್ತು ಉತ್ತರಾಧಿಕಾರ

2019ರ ಆಗಸ್ಟಿನಲ್ಲಿ ಕೃಷ್ಣಾ ಮತ್ತು ಅದರ ಉಪನದಿಗಳು ಉಕ್ಕಿ ಈ ಐದೂ ತಾಲ್ಲೂಕುಗಳ ಹಳ್ಳಿಗಳು ಮುಳುಗಿದವು. ಯಮಗರ್ಣಿಯ ಬಳಿ ವೇದಗಂಗೆಯ ನೀರು ಹೆದ್ದಾರಿಯನ್ನೇ ನುಂಗಿತು. ಹೊಳೆದಂಡೆಯ ಆಫೀಸಿನಲ್ಲಿ ಕಂಪ್ಯೂಟರ್ ನೆಲದ ಮೇಲೆ, ಬ್ಯಾಕಪ್ಪಿನ ಪೆನ್‌ಡ್ರೈವ್ ಅದೇ ಮೇಜಿನ ಖಾನೆಯಲ್ಲಿ ಇರುವುದೇ ವಾಡಿಕೆ; ನೀರು ಬಂದರೆ ಎರಡೂ ಒಟ್ಟಿಗೆ ಹೋಗುತ್ತವೆ. ಲೆಕ್ಕವನ್ನು ದೂರದ ಸರ್ವರಿನಲ್ಲಿ ಇಡಿ ಎಂದು ಉದ್ಯಮಿಗಳು ವರ್ಷಗಳಿಂದ ಹೇಳುತ್ತಿದ್ದ ಮಾತಿಗೆ ನೆರೆಯಷ್ಟು ಗಟ್ಟಿ ಸಮರ್ಥನೆ ಬೇರೊಂದಿಲ್ಲ. ಆದರೆ ತಮ್ಮ ಸದಸ್ಯರ ಠೇವಣಿಯ ಗುಟ್ಟು ಬೇರೆಯವರ ಕೈಯಲ್ಲಿರುವುದು ಹಲವು ಆಡಳಿತ ಮಂಡಳಿಗಳಿಗೆ ಒಗ್ಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಈ ಹೊಣೆಯನ್ನು ಮೊದಲು ಸೊಸೈಟಿಯ ಮೇಲೆಯೇ ಹೊರಿಸುತ್ತದೆ, ಲೆಕ್ಕ ಯಾರ ಸರ್ವರಿನಲ್ಲಿದ್ದರೂ.

ಒಬ್ಬನೇ ಕಟ್ಟಿದ ಉದ್ಯಮದ ಇನ್ನೊಂದು ದೌರ್ಬಲ್ಯ ಆ ಒಬ್ಬನೇ. ಅವನು ಕಾಯಿಲೆ ಬಿದ್ದರೆ, ಮರಳಿ ಪುಣೆಯ ನೌಕರಿಗೆ ಹೋದರೆ, ತೀರಿಕೊಂಡರೆ, ಹತ್ತಾರು ಸೊಸೈಟಿಗಳ ಲೆಕ್ಕ ಯಾರೂ ತೆರೆಯಲಾಗದ ಕಡತವಾಗಿ ಉಳಿಯುತ್ತದೆ. ಫಾಕ್ಸ್‌ಪ್ರೋ ಕಾಲದ ಸೊಸೈಟಿಗಳಲ್ಲಿ ಇಂಥದ್ದು ನಡೆದಾಗ ನೌಕರರು ಹಳೆಯ ಪಾಸ್‌ಬುಕ್ಕುಗಳನ್ನು ತರಿಸಿಕೊಂಡು ಬಾಕಿಗಳನ್ನು ಕೈಯಲ್ಲೇ ಮರಳಿ ಕೂಡಿಸಬೇಕಾಗುತ್ತಿತ್ತು. ಅನುಭವವಿರುವ ಸೆಕ್ರೆಟರಿಗಳು ಈಗ ಕರಾರಿನಲ್ಲೇ ಎರಡು ಸಾಲು ಬರೆಸಿಕೊಳ್ಳುತ್ತಾರೆ: ತಿಂಗಳಿಗೊಮ್ಮೆ ಎಲ್ಲ ಖಾತೆಗಳ ಪಟ್ಟಿಯನ್ನು ಎಕ್ಸೆಲ್ ಕಡತದಲ್ಲಿ ಕೊಡಬೇಕು, ಡೇಟಾಬೇಸಿನ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಸೊಸೈಟಿಯ ತಿಜೋರಿಯಲ್ಲಿರಬೇಕು. ಒಳ್ಳೆಯ ಉದ್ಯಮಿಗಳು ಇದನ್ನು ಕೇಳುವ ಮೊದಲೇ ಕೊಡುತ್ತಾರೆ, ಲಕೋಟೆಯ ಮೇಲೆ ತಾರೀಕು ಹಾಕಿ ಚೇರಮನ್‌ರ ಸಹಿ ತೆಗೆದುಕೊಳ್ಳುತ್ತಾರೆ.